ಮಲೆನಾಡಿನ ಮನೆಗೊಂದು ಹವಳದ ಟ್ಯಾಂಕ್: ಅಳತೆ, ಆಕಾರ ಹೇಗಿರಬೇಕು?

ಶಿವಮೊಗ್ಗದಲ್ಲಿ ಕೂತು ಹವಳ ಸಾಕಬಹುದಾ? ಖಂಡಿತ ಸಾಕಬಹುದು. ಶುದ್ಧವಾದ ಆರ್‌ಒ ನೀರಿಗೆ ರೀಫ್ ಉಪ್ಪು (ಹವಳದ ಟ್ಯಾಂಕಿಗೆಂದೇ ಸಿಗುವ ಉಪ್ಪು) ಕರಗಿಸಿದರೆ ಉಪ್ಪುನೀರು ಮನೆಯಲ್ಲೇ ಸಿದ್ಧ. ಆದರೆ ಟ್ಯಾಂಕಿನ ಅಳತೆ ತಪ್ಪಿದರೆ ಆಮೇಲೆ ಎಷ್ಟು ದುಡ್ಡು ಸುರಿದರೂ ಸರಿಪಡಿಸುವುದು ಕಷ್ಟ.

ಮೊದಲು ಎಷ್ಟು ನೀರು ಅಂತ ತೀರ್ಮಾನಿಸಿ. ಚಿಕ್ಕ ಟ್ಯಾಂಕ್ ಸುಲಭ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಲೀಟರಿಗೆ 35 ಗ್ರಾಂ ಉಪ್ಪಿರುವ 40 ಲೀಟರ್ ಟ್ಯಾಂಕಿನಲ್ಲಿ ಒಂದು ಲೀಟರ್ ಆರಿದರೆ ಉಪ್ಪು ಸುಮಾರು 35.9ಕ್ಕೆ ಏರುತ್ತದೆ. 120 ಲೀಟರಿನಲ್ಲಾದರೆ 35.3 ಅಷ್ಟೇ. ಇಂಥ ಏರುಪೇರು ಹವಳಕ್ಕೆ ಆಗಿಬರುವುದಿಲ್ಲ. ಹಾಗಾಗಿ ಹೊಸಬರಿಗೆ ನನ್ನ ಸಲಹೆ: ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 120 ಲೀಟರ್ ಹಿಡಿಸುತ್ತದೆ.

ಅಂಗಡಿಯಲ್ಲಿ ಜಾಸ್ತಿ ಸಿಗುವುದು ಒಂದಡಿ ಅಗಲದ ಟ್ಯಾಂಕ್. ಅದು ಬೇಡ. ಗಾಜು ಉಜ್ಜುವ ಮ್ಯಾಗ್ನೆಟ್ ಓಡಾಡಲು, ನೀರು ಸುತ್ತಲು, ಹವಳ ಕೂರಿಸುವ ಕಲ್ಲಿನ ಹಿಂದೆ ಮುಂದೆ ಎಂಟೆಂಟು ಸೆಂಟಿಮೀಟರ್ ಜಾಗ ಬಿಡಬೇಕು. 30 ಸೆಂ.ಮೀ. ಅಗಲದಲ್ಲಿ ಕಲ್ಲಿಗೆ ಉಳಿಯುವುದು ಬರೀ 14. ಅಷ್ಟರಲ್ಲಿ ಕಲ್ಲು ಗೋಡೆ ಕಟ್ಟಿದ ಹಾಗೆ ಕಾಣುತ್ತದೆ. 45 ಇದ್ದರೆ 29 ಸಿಗುತ್ತದೆ, ಗುಹೆ, ಮೆಟ್ಟಿಲು ಎಲ್ಲ ಜೋಡಿಸಬಹುದು. ಆರ್ಡರ್ ಕೊಡುವ ಮೊದಲು ನೆಲದ ಮೇಲೆ ಇದೇ ಅಳತೆಗೆ ಹಳೇ ಪೇಪರ್ ಕತ್ತರಿಸಿ ಹಾಸಿ, ಅದರ ಮೇಲೆ ಕಲ್ಲು ಜೋಡಿಸಿ ನೋಡಿ. ಕಲ್ಲು ಸೆರಾಮಿಕ್‌ನದೇ ಇರಲಿ. ನಮ್ಮ ಸಮುದ್ರದಿಂದ ಹವಳ, ಹವಳದ ಕಲ್ಲು ಕಿತ್ತು ತರುವುದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಎತ್ತರದ ಟ್ಯಾಂಕ್ ನೋಡಲು ಚಂದ, ಸಾಕಲು ಕಷ್ಟ. ತಳಕ್ಕೆ ಬೆಳಕು ಮುಟ್ಟಿಸಲು ದುಬಾರಿ ಲೈಟ್ ಬೇಕು, ಬಿದ್ದ ಹವಳ ಎತ್ತಲು ಭುಜದವರೆಗೆ ಮುಳುಗಬೇಕು. ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಪಂಪ್ ನಿಂತಾಗ ನೀರಿಗೆ ಆಮ್ಲಜನಕ ಸಿಗುವುದು ಮೇಲ್ಮೈಯಿಂದ ಮಾತ್ರ. ಅಷ್ಟೇ ನೀರಿದ್ದರೂ ಅಗಲದ ಟ್ಯಾಂಕಿಗೆ ಮೇಲ್ಮೈ ಜಾಸ್ತಿ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ.

ದುಂಡಗಿನ, ಬಾಗಿದ ಗಾಜಿನ ಟ್ಯಾಂಕಿನಲ್ಲಿ ಮೀನು ಸೊಟ್ಟಗೆ ಕಾಣುತ್ತದೆ, ಉಜ್ಜುವುದೂ ಕಷ್ಟ. ಬಿಟ್ಟುಬಿಡಿ.

ಇನ್ನು ಜಾಗ. ನೀರು, ಗಾಜು, ಕಲ್ಲು ಸೇರಿ 150 ಕಿಲೋ ಹತ್ತಿರ ಆಗುತ್ತದೆ, ಸ್ಟ್ಯಾಂಡ್ ಬೇರೆ. ಹಳೆಯ ಹಂಚಿನ ಮನೆಯ ಮರದ ಮಹಡಿ ಬೇಡವೇ ಬೇಡ, ಕೆಳಗೇ ಇಡಿ. ಕಿಟಕಿಯ ಬಿಸಿಲು ನೇರ ಬೀಳಬಾರದು, ಪಾಚಿ ಕಟ್ಟುತ್ತದೆ.

ಈ ಅಳತೆಯಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು ಆರಾಮಾಗಿ ಇರುತ್ತವೆ. ಮಕ್ಕಳು ಕೇಳುವ ಬ್ಲೂ ಟ್ಯಾಂಗ್ ಮಾತ್ರ ತರಬೇಡಿ. ಅದು ಒಂದಡಿ ಉದ್ದ ಬೆಳೆಯುವ ಮೀನು, ಎರಡಡಿ ಗಾಜಿನಲ್ಲಿ ಅದಕ್ಕೆ ಈಜಲು ಜಾಗವೇ ಇರುವುದಿಲ್ಲ.