ಸ್ಲೈಡರ್ ಫೋನ್ ಕೊಳ್ಳುವಾಗ ಮೊದಲು ಸ್ಟ್ರಿಪ್ ನೋಡಿ

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಪರದೆಯನ್ನು ಪಕ್ಕಕ್ಕೆ ಸರಿಸಿದರೆ ಕೆಳಗಿನಿಂದ ಪೂರ್ತಿ ಕೀಪ್ಯಾಡ್ ಹೊರಬರುವ ನೋಕಿಯಾ ಎನ್97, ಎನ್900, ಮೊಟೊರೊಲಾ ಮೈಲ್‌ಸ್ಟೋನ್ ಇಂಥ ಫೋನುಗಳೆಂದರೆ ನನಗೆ ಪ್ರಾಣ. ಮೂರೂ 2009ರಲ್ಲಿ ಬಂದವು. ಅಂದರೆ ಈಗ ನಿಮಗೆ ಸಿಗುವುದು ಹಲವರ ಕೈ ದಾಟಿದ ಮಾಲು. ಮೇಲ್ಮೈಯ ಹೊಳಪು ನೋಡಿ ದುಡ್ಡು ಕೊಡಬೇಡಿ.

ಸ್ಲೈಡರ್ ಫೋನಿನ ಜೀವ ಇರುವುದು ಸ್ಟ್ರಿಪ್‌ನಲ್ಲಿ. ಮೇಲಿನ ಪರದೆಗೂ ಕೆಳಗಿನ ಬೋರ್ಡಿಗೂ ನಡುವೆ ತಾಮ್ರದ ಗೆರೆಗಳಿರುವ ತೆಳು ಪಟ್ಟಿಯೊಂದು ಇರುತ್ತದೆ. ಫೋನನ್ನು ತೆರೆದಾಗಲೆಲ್ಲ ಅದು ಒಂದೇ ಜಾಗದಲ್ಲಿ ಮಡಿಚಿಕೊಳ್ಳುತ್ತದೆ, ಸವೆಯುವುದೂ ಅಲ್ಲಿಯೇ. ಪರೀಕ್ಷೆ ಸುಲಭ. ಬೆಳಕು ಪೂರ್ತಿ ಹೆಚ್ಚಿಸಿ, ಖಾಲಿ ಮೆಸೇಜ್ ಪುಟದಂಥ ಬಿಳಿ ಪರದೆ ಇಟ್ಟುಕೊಳ್ಳಿ. ಮೇಲಿನ ಭಾಗವನ್ನು ನಿಧಾನವಾಗಿ ಸರಿಸಿ. ಅರ್ಧಕ್ಕೆ ಬಂದಾಗ ಹಲವು ಫೋನುಗಳಲ್ಲಿ ಸ್ಪ್ರಿಂಗ್ ತಾನೇ ಎಳೆದುಕೊಳ್ಳುತ್ತದೆ. ಹೆಬ್ಬೆರಳಿನಿಂದ ತಡೆದು ಅಲ್ಲೇ ನಿಲ್ಲಿಸಿ, ಒಂದಿಷ್ಟು ಹಿಂದೆ, ಒಂದಿಷ್ಟು ಮುಂದೆ ಆಡಿಸಿ. ಗೆರೆ ಮೂಡಿದರೆ, ಬಣ್ಣ ಕದಡಿದರೆ, ಒಂದು ಕೋನದಲ್ಲಿ ಮಾತ್ರ ಪರದೆ ಕತ್ತಲಾದರೆ ಸ್ಟ್ರಿಪ್ ಬಿರುಕು ಬಿಟ್ಟಿದೆ ಎಂದೇ ಅರ್ಥ. ಮಾರುವವರು ಸಾಮಾನ್ಯವಾಗಿ ಫಟ್ಟನೆ ತೆರೆದು ಫಟ್ಟನೆ ಮುಚ್ಚಿ ತೋರಿಸುತ್ತಾರೆ. ನಡುವೆ ಆಗುವುದು ಕಣ್ಣಿಗೆ ಬೀಳುವುದೇ ಇಲ್ಲ. ಬದಲಿ ಸ್ಟ್ರಿಪ್ ಈಗ ಸುಲಭಕ್ಕೆ ಸಿಗುವುದಿಲ್ಲ, ಆದ್ದರಿಂದ ಇಲ್ಲಿ ಸೋತ ಫೋನನ್ನು ಅಲ್ಲಿಯೇ ಬಿಟ್ಟುಬನ್ನಿ.

ಆಮೇಲೆ ಪ್ರತಿ ಕೀಯನ್ನೂ ಒತ್ತಿ ನೋಡಿ. ಒಂದೇ ಒಂದು ಕೀ ಕೆಲಸ ಮಾಡದಿದ್ದರೆ ಹೆದರಬೇಡಿ, ಅದರ ಕೆಳಗಿನ ಡೋಮ್‌ಗೆ, ಅಂದರೆ ಒತ್ತಿದಾಗ ತಗ್ಗಿ ಸಂಪರ್ಕ ಕೊಡುವ ಪುಟ್ಟ ಲೋಹದ ಗುಬ್ಬಿಗೆ, ಸಾಮಾನ್ಯವಾಗಿ ಕೊಳೆ ಹತ್ತಿರುತ್ತದೆ. ನಾಲ್ಕಾರು ಕೀಗಳು ಒಟ್ಟಿಗೆ ಸತ್ತಿದ್ದರೆ ಮಾತು ಬೇರೆ. ಕೀಗಳು ಅಡ್ಡ ಮತ್ತು ಉದ್ದ ಲೈನ್‌ಗಳನ್ನು ಹಂಚಿಕೊಂಡಿರುತ್ತವೆ. ಒಂದು ಲೈನ್ ಕಡಿದರೆ ಅದಕ್ಕೆ ಸೇರಿದ ಅಷ್ಟೂ ಕೀಗಳು ಹೋಗುತ್ತವೆ. ಅವು ಕಣ್ಣಿಗೆ ಕಾಣುವ ಒಂದೇ ಸಾಲಿನವೇ ಆಗಿರಬೇಕೆಂದಿಲ್ಲ.

ಬ್ಯಾಟರಿಯನ್ನು ಗಾಜಿನ ಮೇಲಿಟ್ಟು ತಿರುಗಿಸಿ. ಬುಗುರಿಯಂತೆ ತಿರುಗಿದರೆ ಉಬ್ಬಿದೆ, ಬಳಸಬೇಡಿ. ಎನ್900ಕ್ಕೆ ಬಿಎಲ್-5ಜೆ, ಎನ್97ಕ್ಕೆ ಬಿಪಿ-4ಎಲ್ ಸರಿಹೊಂದುತ್ತದೆ. ಇವು ಬೇರೆ ನೋಕಿಯಾಗಳಿಗೂ ಬರುತ್ತಿದ್ದುದರಿಂದ ಹುಡುಕಿದರೆ ಸಿಗುತ್ತವೆ. ಎನ್900ದ ಚಾರ್ಜಿಂಗ್ ಪೋರ್ಟ್ ಬೋರ್ಡಿನಿಂದ ಕಿತ್ತುಬರುವುದು ಹೆಸರಾದ ರೋಗ. ಪಿನ್ ಹಾಕಿ ಅಲುಗಾಡುತ್ತದೆಯೇ ಎಂದು ನೋಡಲೇಬೇಕು.

ಗದಗ, ನವಲಗುಂದದ ಕಡೆಯಿಂದ ಬರುವ ಫೋನುಗಳಲ್ಲಿ ಎರೆಮಣ್ಣಿನ ನುಣ್ಣನೆಯ ಧೂಳು ಜಾರುಹಳಿಯಲ್ಲಿ ಕುಳಿತಿರುತ್ತದೆ. ಬಿಗಿಯಾಯಿತೆಂದು ಜನ ಕೊಬ್ಬರಿ ಎಣ್ಣೆ ಬಿಡುತ್ತಾರೆ. ದಯವಿಟ್ಟು ಬೇಡ. ಎಣ್ಣೆ ಧೂಳನ್ನು ಹಿಡಿದು ಮಸಿಯಂತೆ ಮಾಡುತ್ತದೆ, ಅದು ಹರಡಿ ಸ್ಟ್ರಿಪ್‌ವರೆಗೂ ಹೋಗುತ್ತದೆ. ಬ್ಯಾಟರಿ ತೆಗೆದು, ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ಉದುರಿಸಿ. ಬಳಿಕ ಬ್ರಷ್‌ನ ತುದಿಗೆ ಮಾತ್ರ ಐಪಿಎ (ಬೇಗ ಆರುವ ಐಸೊಪ್ರೊಪೈಲ್ ಆಲ್ಕೋಹಾಲ್) ಮುಟ್ಟಿಸಿ ಹಳಿಯನ್ನು ಒರೆಸಿ, ಚೆನ್ನಾಗಿ ಆರಲು ಬಿಡಿ. ಬಾಯಿಂದ ಊದಿದರೆ ಎಂಜಲ ತೇವ ಒಳಗೆ ಹೋಗುತ್ತದೆ. ಹಳಿ ಲೋಹದ್ದಾಗಿದ್ದರೆ ಕಡ್ಡಿಯ ತುದಿಯಷ್ಟು ಸಿಲಿಕೋನ್ ಗ್ರೀಸ್ ಸಾಕು.

ಸಿಮ್ ವಿಚಾರ ಕೊಳ್ಳುವ ಮೊದಲೇ ತಿಳಿದಿರಲಿ. ಜಿಯೋದಲ್ಲಿ 2ಜಿ ಇಲ್ಲ, ಈ ಫೋನುಗಳಲ್ಲಿ ನಡೆಯುವುದಿಲ್ಲ. ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಅಥವಾ ಬಿಎಸ್‌ಎನ್‌ಎಲ್ ಬಳಸಿ. ಇವಕ್ಕೆ ಹಳೆಯ ದೊಡ್ಡ ಸಿಮ್ ಬೇಕು. ನ್ಯಾನೊ ಸಿಮ್‌ಗೆ ಅಡಾಪ್ಟರ್ ಹಾಕುವಾಗ ಹಿಂಬದಿಗೆ ಅಂಟುಪಟ್ಟಿ ಹಚ್ಚಿ, ಇಲ್ಲದಿದ್ದರೆ ತೆಗೆಯುವಾಗ ಸಿಮ್ ಸ್ಲಾಟಿನ ಪಿನ್ ಬಾಗುತ್ತದೆ. ಸಿಂಬಿಯನ್ ಎಂಬ ಹಳೆಯ ತಂತ್ರಾಂಶದ ಮೇಲೆ ನಡೆಯುವ ಎನ್97ರಂಥ ಫೋನುಗಳಲ್ಲಿ ವಾಟ್ಸ್‌ಆ್ಯಪ್ 2017ರಲ್ಲೇ ನಿಂತಿದೆ. ಆಂಡ್ರಾಯ್ಡ್ ಸ್ಲೈಡರ್ ಆದರೆ, ಕನ್ನಡ ಓದಬೇಕೆನ್ನುವವರು 4.1 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇದೆಯೇ ಎಂದು ನೋಡಿ. ಅಲ್ಲಿಂದಲೇ ಕನ್ನಡ ಅಕ್ಷರಗಳ ಬೆಂಬಲ ಬಂದಿತು.

ದಿನವೂ ಬಳಸದಿದ್ದರೆ ಫೋನನ್ನು ಮುಚ್ಚಿಯೇ ಇಡಿ. ಬ್ಯಾಟರಿಯನ್ನು ಅರ್ಧ ಚಾರ್ಜ್ ಮಾಡಿ, ಹೊರತೆಗೆದು, ಬೇರೆ ಡಬ್ಬಿಯಲ್ಲಿ ಇರಿಸಿ.