ಜರ್ಮನಿಗೆ ಬಂದಿದ್ದೀರಾ? ಮೊದಲು ಲ್ಯಾಪ್‌ಟಾಪ್‌ನ ಟೊರೆಂಟ್ ತೆಗೆಯಿರಿ

ಆನ್‌ಮೆಲ್‌ಡುಂಗ್ (ವಿಳಾಸ ನೋಂದಣಿ), ಬ್ಯಾಂಕ್ ಖಾತೆ, ಆರೋಗ್ಯ ವಿಮೆ ಬಗ್ಗೆ ಎಲ್ಲರೂ ಹೇಳಿಕೊಡುತ್ತಾರೆ. ಊರಿಂದ ತಂದ ಲ್ಯಾಪ್‌ಟಾಪ್‌ನಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ. ಅದರಲ್ಲಿ ಟೊರೆಂಟ್ ಆ್ಯಪ್ (ಫೈಲು ಇಳಿಸಿಕೊಳ್ಳುವ, ಹಂಚುವ ಆ್ಯಪ್) ಇದ್ದರೆ ಇಲ್ಲಿನ ವೈಫೈಗೆ ಸೇರಿಸುವ ಮೊದಲೇ ತೆಗೆದುಹಾಕಿ. ಎಷ್ಟೋ ಸಲ ಅದು ಕಂಪ್ಯೂಟರ್ ಆನ್ ಆದ ಕೂಡಲೇ ತಾನಾಗಿ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಇಳಿಸಿಕೊಂಡ ಸಿನಿಮಾವನ್ನು ಇಲ್ಲಿಂದ ಊರಿಗೆಲ್ಲ ಹಂಚುತ್ತಿರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ತೊಂದರೆ ಇರುವುದು ಹಕ್ಕುದಾರರ ಅನುಮತಿ ಇಲ್ಲದ ಈ ಹಂಚಿಕೆಯಲ್ಲೇ. ಟೊರೆಂಟ್‌ನಲ್ಲಿ ಫೈಲು ಚೂರು ಚೂರಾಗಿ ಬರುತ್ತದೆ, ಬಂದ ಚೂರು ನಿಮ್ಮಿಂದ ಬೇರೆಯವರಿಗೆ ಹೋಗುತ್ತದೆ. ಹಾಗಾಗಿ ‘ನೋಡೋಕೆ ಮಾತ್ರ ಇಳಿಸಿದ್ದು’ ಎಂಬ ಮಾತು ನಡೆಯುವುದಿಲ್ಲ. ಹಂಚುವವರ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಕನೆಕ್ಷನ್ ಗುರುತಿಸುವ ಸಂಖ್ಯೆ, ಎಲ್ಲರಿಗೂ ಕಾಣುತ್ತದೆ. ಸಿನಿಮಾ ಕಂಪನಿಗಳ ಪರವಾಗಿ ಅದನ್ನು ದಾಖಲು ಮಾಡಿಕೊಳ್ಳುವವರೇ ಇದ್ದಾರೆ. ಕೋರ್ಟ್ ಆದೇಶ ಪಡೆದು, ಇಂಟರ್ನೆಟ್ ಕಂಪನಿಯಿಂದ ಹೆಸರು ತರಿಸಿಕೊಳ್ಳುತ್ತಾರೆ. ಆಮೇಲೆ ವಕೀಲರಿಂದ ಅಬ್‌ಮಾನುಂಗ್, ಅಂದರೆ ಎಚ್ಚರಿಕೆಯ ನೋಟಿಸು, ಬರುತ್ತದೆ. ನೂರಾರು ಯೂರೋ ಕೇಳುತ್ತಾರೆ, ಸಾವಿರ ದಾಟುವುದೂ ಉಂಟು.

ಆ ಕಾಗದ ಬರುವುದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರಿಗೆ. ಶುರುವಿನಲ್ಲಿ ನೀವು ಗೆಳೆಯರ ಮನೆಯಲ್ಲೋ ಹಂಚಿಕೊಂಡ ಫ್ಲ್ಯಾಟಿನಲ್ಲೋ ಇರುತ್ತೀರಿ ಅಲ್ವಾ? ಸಿನಿಮಾ ನೋಡಿದ್ದು ನೀವು, ವಕೀಲರಿಗೆ ಉತ್ತರ ಕೊಡಬೇಕಾದದ್ದು ಜಾಗ ಕೊಟ್ಟ ಪುಣ್ಯಾತ್ಮರು.

‘ವಿಪಿಎನ್ (ಐಪಿ ವಿಳಾಸ ಮರೆಮಾಡುವ ಸೇವೆ) ಇದೆಯಲ್ಲ’ ಅನ್ನುವವರು ಜಾಸ್ತಿ. ವಿಪಿಎನ್ ಬಳಸುವುದು ಇಲ್ಲಿ ತಪ್ಪಲ್ಲ. ಆದರೆ ಕದ್ದ ಸಿನಿಮಾ ಅದರಿಂದ ಸಕ್ರಮವಾಗುವುದಿಲ್ಲ. ವಿಪಿಎನ್ ಒಂದು ಕ್ಷಣ ಕಡಿದುಹೋದರೂ ನಿಮ್ಮ ವಿಳಾಸ ಬಯಲಾಗಬಹುದು.

ಕಾಗದ ಬಂದೇಬಿಟ್ಟರೆ? ಅದು ಪೊಲೀಸರ ಕಾಗದ ಅಲ್ಲ, ಗಾಬರಿ ಬೇಡ. ಹಾಗಂತ ಕಸದ ಬುಟ್ಟಿಗೂ ಹಾಕಬೇಡಿ, ಉತ್ತರಕ್ಕೆ ಗಡುವು ಇರುತ್ತದೆ. ಜೊತೆಗೆ ಒಂದು ಮುಚ್ಚಳಿಕೆ ಪತ್ರ ಇರುತ್ತದೆ: ಇನ್ನು ಮುಂದೆ ಹೀಗೆ ಮಾಡುವುದಿಲ್ಲ, ಮಾಡಿದರೆ ದಂಡ ಕಟ್ಟುತ್ತೇನೆ ಅಂತ. ಅದಕ್ಕೆ ಸುಮ್ನೆ ಸಹಿ ಹಾಕಬೇಡಿ. ಹಾಕಿದರೆ ವರ್ಷಗಟ್ಟಲೆ ಕಟ್ಟಿಹಾಕುತ್ತದೆ, ಕೆಲವದರಲ್ಲಿ ತಪ್ಪೊಪ್ಪಿಗೆಯೂ ಸೇರಿರುತ್ತದೆ. ಗ್ರಾಹಕರ ಸಲಹಾ ಕೇಂದ್ರವಾದ ಫೆರ್‌ಬ್ರೌಖರ್‌ಜೆಂಟ್ರಾಲೆಗೋ ಈ ವಿಷಯ ಬಲ್ಲ ವಕೀಲರಿಗೋ ತೋರಿಸಿ, ಬೇಕಿದ್ದರೆ ತಿದ್ದಿದ ಮುಚ್ಚಳಿಕೆ ಬರೆಸಿ. 2013ರ ಕಾನೂನು ತಿದ್ದುಪಡಿಯ ನಂತರ ಖಾಸಗಿ ವ್ಯಕ್ತಿಗಳಿಂದ ಮೊದಲ ಸಲ ಕೇಳಬಹುದಾದ ವಕೀಲರ ಶುಲ್ಕಕ್ಕೆ ಸಾಮಾನ್ಯವಾಗಿ ಮಿತಿ ಇದೆ. ನಷ್ಟ ಪರಿಹಾರ ಬೇರೆ. ಕೋರ್ಟಿನಿಂದ ಹಳದಿ ಲಕೋಟೆಯಲ್ಲಿ ಮಾನ್‌ಬೆಶೈಡ್ (ಹಣ ಕಟ್ಟಲು ಆದೇಶ) ಬಂದರೆ ಮಾತ್ರ ಆ ದಿನವೇ ಎದ್ದು ಓಡಿ. ಆಕ್ಷೇಪಿಸಲು ಎರಡೇ ವಾರ. ಈಮೇಲಿನಲ್ಲಿ ಬರುವ ‘ಅಬ್‌ಮಾನುಂಗ್’ ಎಷ್ಟೋ ಸಲ ಮೋಸ, ಅದರ ಅಟ್ಯಾಚ್‌ಮೆಂಟ್ ತೆರೆಯಬೇಡಿ.

ಟೊರೆಂಟ್ ಎಂಬುದೇ ಅಪರಾಧವಲ್ಲ. ಉಬುಂಟು, ಡೆಬಿಯನ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂಗಳವರು ತಾವೇ ಟೊರೆಂಟ್ ಕೊಡುತ್ತಾರೆ. ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲೂ ಸಿಗುತ್ತದೆ, ಆದರೆ ಅಲ್ಲಿ ಯಾರು ಬೇಕಾದರೂ ಏರಿಸಬಹುದು, ಹಕ್ಕಿನ ವಿವರ ನೋಡಿಯೇ ಇಳಿಸಿ. ಹೊಸ ಕನ್ನಡ ಸಿನಿಮಾ ಬೇಕಾದರೆ ನಿಮ್ಮ ಊರಿನ ಕನ್ನಡ ಸಂಘದವರನ್ನು ಕೇಳಿ. ದೊಡ್ಡ ಊರುಗಳಲ್ಲಿ ಆಗಾಗ ಥಿಯೇಟರಿನಲ್ಲೇ ಪ್ರದರ್ಶನ ಇರುತ್ತದೆ.