ಟೀಮ್ ಎಐ ಬಳಸಬೇಕೆಂದರೆ ಮೊದಲು ಮ್ಯಾನೇಜರ್ ತನ್ನ ಸ್ಕ್ರೀನ್ ತೋರಿಸಬೇಕು

"ಎಲ್ಲರೂ ಎಐ ಬಳಸಿ" ಎಂದು ಮೇಲ್ ಹಾಕಿ ಸುಮ್ಮನಾದರೆ ಟೀಮಿನಲ್ಲಿ ಕೆಲವರು ಅದನ್ನು ಮುಟ್ಟುವುದೇ ಇಲ್ಲ, ಉಳಿದವರು ಸ್ವಂತ ಖಾತೆಯಲ್ಲಿ ಕದ್ದು ಬಳಸುತ್ತಾರೆ. ಅಪಾಯ ಇರುವುದು ಈ ಕದ್ದು ಬಳಸುವುದರಲ್ಲೇ. 2023ರಲ್ಲಿ ಸ್ಯಾಮ್ಸಂಗ್ ನೌಕರರು ಕಂಪನಿಯ ಸೋರ್ಸ್ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬಯಲಾಗಿ, ಕಂಪನಿ ಇಂಥ ಟೂಲ್‌ಗಳನ್ನೇ ನಿಷೇಧಿಸಿತು.

ಮೊದಲ ವಾರ ಒಂದು ಪುಟದ ನಿಯಮ ಬರೆಯಿರಿ. ಎರಡನೇ ಪುಟವನ್ನು ಯಾರೂ ಓದುವುದಿಲ್ಲ. ಪ್ರಕಟವಾದ ಮಾಹಿತಿಯನ್ನು ಅನುಮತಿ ಇರುವ ಯಾವ ಟೂಲ್‌ಗೂ ಹಾಕಬಹುದು. ಮೀಟಿಂಗ್ ಟಿಪ್ಪಣಿ, ಒಳಗಿನ ಕರಡುಗಳು ಕಂಪನಿ ದುಡ್ಡು ಕೊಟ್ಟು ಪಡೆದ ಖಾತೆಯಲ್ಲಿ ಮಾತ್ರ. ಗ್ರಾಹಕರ ಆಧಾರ್, ಪ್ಯಾನ್, ಸಂಬಳದ ಪಟ್ಟಿ, ಪಾಸ್‌ವರ್ಡ್ ಎಲ್ಲಿಯೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತಾ ಲೋಪಕ್ಕೆ ₹250 ಕೋಟಿವರೆಗೆ ದಂಡವಿದೆ, ಅದು ಬೀಳುವುದು ಕಂಪನಿಯ ತಲೆಗೆ.

ಆಮೇಲೆ ವಾರಕ್ಕೊಮ್ಮೆ 20 ನಿಮಿಷ ನಿಮ್ಮದೇ ಕೆಲಸವನ್ನು ಸ್ಕ್ರೀನ್ ಮೇಲೆ ಮಾಡಿ ತೋರಿಸಿ. ಚೆನ್ನಾಗಿ ಬಂದದ್ದನ್ನಷ್ಟೇ ತೋರಿಸಿದರೆ ಅದು ಮಾರಾಟದ ಡೆಮೊ ಆಗುತ್ತದೆ. ಎಡವಿದ್ದನ್ನೂ ತೋರಿಸಿ: ಇಂಗ್ಲಿಷ್ ವರದಿಯ "1.5 ಮಿಲಿಯನ್" ಕನ್ನಡ ಕರಡಿನಲ್ಲಿ "1.5 ಲಕ್ಷ" ಆಗಿ ಕೂತಿರುತ್ತದೆ, ಆಗಬೇಕಾದ್ದು 15 ಲಕ್ಷ. ವಾಕ್ಯ ಸರಾಗವಾಗಿರುವುದರಿಂದ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ಮೂಲದ ಪ್ರತಿ ಅಂಕಿಗೂ ಬೆರಳಿಟ್ಟು ತಾಳೆ ನೋಡುವ ಅಭ್ಯಾಸ ಮ್ಯಾನೇಜರ್ ಕೈಯಲ್ಲಿ ಕಂಡರೆ ಮಾತ್ರ ಟೀಮಿಗೂ ಬರುತ್ತದೆ.

ಎಲ್ಲ ಕೆಡುವುದು ಸಾಮಾನ್ಯವಾಗಿ ಟೀಮ್ ಲೀಡ್ ಬಾಯಲ್ಲಿ. "ಇದನ್ನ ನೀವೇ ಬರೆದ್ರಾ?" ಎಂದು ಹುಬ್ಬೇರಿಸಿ ಒಮ್ಮೆ ಕೇಳಿದರೆ ಸಾಕು, ಮರುದಿನದಿಂದ ಯಾರೂ ಎಐ ಹೆಸರೆತ್ತುವುದಿಲ್ಲ, ಬಳಕೆ ಮಾತ್ರ ನಿಲ್ಲುವುದಿಲ್ಲ. "ಇದರಲ್ಲಿ ಏನೇನು ಚೆಕ್ ಮಾಡಿದ್ರಿ?" ಎಂದು ಕೇಳಿ. ಸಹಿ ಹಾಕಿದವರದೇ ಹೊಣೆ ಎಂಬುದು ಆ ಪ್ರಶ್ನೆಯಲ್ಲೇ ಇದೆ. ಚಾಟ್‌ಜಿಪಿಟಿ ಹುಟ್ಟಿಸಿದ ಸುಳ್ಳು ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ್ದ ನ್ಯೂಯಾರ್ಕ್ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ಬಿದ್ದದ್ದೂ ಇದೇ ಕಾರಣಕ್ಕೆ.

ಯಾರು ಎಷ್ಟು ಸಲ ಲಾಗಿನ್ ಆದರು ಎಂದು ಎಣಿಸಬೇಡಿ. ಎಣಿಸಿದರೆ "ಹಾಯ್" ಎಂದು ಟೈಪ್ ಮಾಡಿ ಲೆಕ್ಕ ತುಂಬಿಸುತ್ತಾರೆ. ಒಂದೇ ಕೆಲಸ ಆರಿಸಿ, ಎರಡು ವಾರ ಎಐ ಇಲ್ಲದೆ, ಎರಡು ವಾರ ಎಐ ಜೊತೆ ಮಾಡಿಸಿ, ಕರಡಿನ ಸಮಯ ಮತ್ತು ತಿದ್ದುವ ಸಮಯ ಬೇರೆ ಬೇರೆ ಬರೆದಿಡಿ. ಕರಡು 40 ನಿಮಿಷದಿಂದ 10ಕ್ಕಿಳಿದು, ತಿದ್ದುಪಡಿ 10ರಿಂದ 45ಕ್ಕೇರಿದ್ದರೆ 50 ನಿಮಿಷದ ಕೆಲಸ 55 ಆಯಿತು. ಆ ಕೆಲಸವನ್ನು ಹಳೆಯ ಹಾಗೇ ಬಿಡಿ.

ನಿಜವಾಗಿ ಸಮಯ ಉಳಿದಾಗ ಅದೇ ಸಂಜೆ ಇನ್ನೊಂದು ಫೈಲ್ ಹೊರಿಸಬೇಡಿ. ಮೊದಲ ಮೂರು ತಿಂಗಳು ಟಾರ್ಗೆಟ್ ಏರಿಸುವುದಿಲ್ಲ ಎಂದು ಮೇಲ್‌ನಲ್ಲೇ ಬರೆದು ಕೊಡಿ, ಬಾಯಿಮಾತು ಅಪ್ರೈಸಲ್ ಹೊತ್ತಿಗೆ ಮರೆತುಹೋಗುತ್ತದೆ. ಯಾರಾದರೂ "ಹಾಕಬಾರದ್ದನ್ನ ಹಾಕಿಬಿಟ್ಟೆ" ಎಂದು ತಾವಾಗಿ ಬಂದರೆ ಕೇಳಬೇಕಾದ್ದು ಮೂರೇ: ಯಾವ ಖಾತೆ, ಏನು ಹಾಕಿದ್ದು, ಎಷ್ಟು ಹೊತ್ತಿಗೆ. ಉತ್ತರ ಬರೆದುಕೊಂಡು ತಕ್ಷಣ ಐಟಿಯವರಿಗೆ ಫೋನ್ ಮಾಡಿ.